ತಾರಿಕುರ್ವೆಯ ಕಟ್ಟೆಗೆ ವಯಸ್ಸೆಷ್ಟು

ತಾರಿಕುರ್ವೆಗೆ ಮೊದಲ ಬುಟ್ಟಿ ಮಣ್ಣು ಹಾಕಿದವನು ನಾನೇ. ಆಗ ಅರಬ್ಬೀ ಸಮುದ್ರ ನನ್ನ ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು, ಸಹ್ಯಾದ್ರಿ ಇನ್ನೂ ಮೊಳಕೆಯೊಡೆಯುತ್ತಿತ್ತು. ಎರಡನೆಯ ಬುಟ್ಟಿ ಎತ್ತುವಷ್ಟರಲ್ಲಿ ತಿಮಿಂಗಿಲವೊಂದು ಬಂದು, "ಜಟ್ಟಪ್ಪಾ, ಸ್ವಲ್ಪ ದಾರಿ ಬಿಡು ಮಾರಾಯ" ಎಂದು ಕೇಳಿಕೊಂಡಿತು. ಬಿಟ್ಟೆ. ಆ ದಾರಿಯಲ್ಲೇ ಈಗ ನಮ್ಮ ಹೊಳೆ ಹರಿಯುತ್ತಿದೆ.

ಇದನ್ನು ಹೊಳೆ ದಾಟಿಸುವ ತಾರಿ ದೋಣಿಯಲ್ಲಿ ಹೇಳಿದ್ದೇನೆ, ಚಹಾದಂಗಡಿಯಲ್ಲಿ ಹೇಳಿದ್ದೇನೆ, ಸಿಗಡಿ ಕೊಳ್ಳಲು ಬಂದ ವ್ಯಾಪಾರಿಗಳನ್ನು ಕೂರಿಸಿಕೊಂಡು ಹೇಳಿದ್ದೇನೆ. ನಂಬಿದವರು ಒಬ್ಬರೂ ಇಲ್ಲ. ನಂಬದಿದ್ದರೂ ಪೂರ್ತಿ ಕೇಳುತ್ತಾರೆ, ನನಗೆ ಅಷ್ಟು ಸಾಕು. ಆದರೆ ಮಣ್ಣೋದುಗ ಎಂಬ ಯಂತ್ರ ನಮ್ಮಲ್ಲಿಗೆ ಬಂದ ವರ್ಷ, ನನ್ನ ಮಾತು ಹೆಚ್ಚೂಕಡಿಮೆ ನಿಜವೆಂದು ಸರ್ಕಾರದ ಕಾಗದದ ಮೇಲೆ, ಮೊಹರಿನ ಸಮೇತ, ಬರೆದು ಬಂತು. ಹೇಳುತ್ತಿರುವುದು ಆ ಕಥೆಯನ್ನು.

ಕುರ್ವೆ ನೋಡದವರಿಗೆ ಒಂದು ಮಾತು. ಹೊಳೆ ಘಟ್ಟದಿಂದ ಮಣ್ಣು ಹೊತ್ತು ಬರುತ್ತದೆ. ಸಮುದ್ರ ಹತ್ತಿರವಾದಂತೆ ಅದಕ್ಕೆ ಸುಸ್ತು. ಹೊತ್ತದ್ದನ್ನು ಅಲ್ಲಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಹಾಗೆ ಇಳಿಸಿದಲ್ಲಿ ದ್ವೀಪ ಏಳುತ್ತದೆ, ಅದೇ ಕುರ್ವೆ. ನಮ್ಮ ಅಳಿವೆಯಲ್ಲಿ ಅಂಥವು ಹದಿನಾಲ್ಕು. ಹೊಳೆ ಕೊಟ್ಟದ್ದು ಬರೀ ಕೆಸರು. ಅದನ್ನು ಊರು ಮಾಡಿದ್ದು ಸುತ್ತಲಿನ ಮಣ್ಣಿನ ಕಟ್ಟೆ. ಕಟ್ಟೆಯೊಳಗೆ ಗಜನಿ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತೇವೆ, ಬೇಸಿಗೆಯಲ್ಲಿ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ ಹಿಡಿಯುತ್ತೇವೆ. ಹೊಳೆಗೂ ಗದ್ದೆಗೂ ನಡುವೆ ಹಲಗೆಗಳ ಒಂದು ಬಾಗಿಲಿದೆ, ಹೆಸರು ಜಂತ್ರಡಿ. ಅದನ್ನು ಕಾಯುವವನು ನಾನು. ನಾನು ಹಲಗೆ ಎತ್ತಿದರೆ ಸಮುದ್ರ ಒಳಗೆ ಬರುತ್ತದೆ, ಇಳಿಸಿದರೆ ಕೈಕಟ್ಟಿ ಹೊರಗೆ ನಿಲ್ಲುತ್ತದೆ. ಚಂದ್ರನಿಗೂ ಸಮುದ್ರಕ್ಕೂ ಏನಾದರೂ ಮಾತುಕತೆ ಆಗಬೇಕಿದ್ದರೆ ಅದು ನನ್ನನ್ನು ಕೇಳದೆ ಆಗುವುದಿಲ್ಲ.

ಇಪ್ಪತ್ತೊಂದನೆಯ ಶತಮಾನ ಮುಗಿಯಲು ಇನ್ನು ಇಪ್ಪತ್ತೆಂಟು ವರ್ಷ ಇದ್ದಾಗಿನ ಸಂಗತಿ ಇದು. ಸಮುದ್ರ ನನ್ನ ಅಜ್ಜನ ಕಾಲಕ್ಕಿಂತ ಒಂದು ಮೊಳ ಮೇಲೆ ಬಂದಿತ್ತು. ಇದರಲ್ಲಿ ನಾನು ಒಂದು ಬೆರಳೂ ಸೇರಿಸಿಲ್ಲ. ಸೇರಿಸಲು ಮನಸ್ಸೇ ಬಾರದಂಥ ಒಂದು ಮೊಳ ಅದು. ಹದಿನಾಲ್ಕೂ ಕುರ್ವೆಗಳ ಕಟ್ಟೆಯನ್ನು ಎತ್ತರಿಸುವಷ್ಟು ಕಲ್ಲು, ಪಂಪು, ಆಳು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ತೀರ ಮಂಡಳಿ ಒಂದು ನಿಯಮ ಮಾಡಿತು. ಇನ್ನೂರೈವತ್ತು ವರ್ಷ ಎಡೆಬಿಡದೆ ಕಟ್ಟೆ ಕಾಪಾಡಿಕೊಂಡು ಬಂದ ಕುರ್ವೆಗೆ ಹೊಸ ಕಟ್ಟೆ ಕಟ್ಟಿಕೊಡುವುದು. ಅಷ್ಟು ವಯಸ್ಸಾಗದ ಕುರ್ವೆಯವರನ್ನು ಗುಡ್ಡದ ಮೇಲಿನ ಕಾಲೊನಿಗೆ ಸಾಗಿಸುವುದು. ಅಷ್ಟು ಕಾಲ ಹೊಳೆಯ ಜೊತೆ ಬಾಳಿದವರಿಗೆ ಮುಂದೆಯೂ ಬಾಳುವ ಬಗೆ ಗೊತ್ತಿರುತ್ತದೆ ಎಂಬುದು ಅವರ ಲೆಕ್ಕಾಚಾರ. ತಪ್ಪೇನಿಲ್ಲ. ಆದರೆ ನಾವು ಬಂದ ವರ್ಷವನ್ನು ಬರೆದಿಟ್ಟ ಕಾಗದ ನಮ್ಮಲ್ಲಿರಲಿಲ್ಲ. ಗಜನಿಯ ತೇವದಲ್ಲಿ ಮೂರು ಮಳೆಗಾಲ ಬದುಕಿದ ಕಾಗದಕ್ಕೆ ನಾವು ದೀರ್ಘಾಯುಷಿ ಎನ್ನುತ್ತೇವೆ.

ಪಕ್ಕದ ಚಿಕ್ಕಕುರ್ವೆ ಆಗಲೇ ಖಾಲಿಯಾಗಿತ್ತು. ಒಮ್ಮೆ ನಾನೂ ನನ್ನ ಹೆಂಡತಿ ಗಣಪಿಯೂ ಕಾಲೊನಿಗೆ ಹೋಗಿ, ಅಲ್ಲಿಂದ ಗುಡ್ಡ ಸೇರಿದ್ದ ಅವಳ ಸೋದರತ್ತೆ ಮಂಕಾಳಿಯನ್ನು ನೋಡಿಬಂದೆವು. ಚಿರೆಕಲ್ಲಿನ ಬಯಲು, ಒಂದೇ ಅಚ್ಚಿನಲ್ಲಿ ತೆಗೆದಂಥ ಬಿಳಿ ಮನೆಗಳು, ಒಳ್ಳೆಯ ನಲ್ಲಿ, ಒಳ್ಳೆಯ ದೀಪ. ಮಂಕಾಳತ್ತೆ ಅಂಗಳದಿಂದ ಒಳಗೆ ಬರುವಾಗಲೆಲ್ಲ ಬಾಗಿಲಲ್ಲಿ ನಿಂತು, ಚೊಂಬಿನ ನೀರಿನಿಂದ ಮೊಣಕಾಲಿನವರೆಗೆ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು.

"ಇಲ್ಲಿ ಕೆಸರೇ ಇಲ್ವಲ್ಲ ಅತ್ತೆ" ಎಂದಳು ಗಣಪಿ.

"ನಂಗೆ ಗೊತ್ತದೆ ಮಗಾ. ಕಾಲಿಗೆ ಗೊತ್ತಾಗೂದಿಲ್ಲ."

ಮರಳುವಾಗ ಗಣಪಿ ದೋಣಿಯಲ್ಲಿ ಒಂದೇ ಮಾತು ಆಡಿದ್ದು: "ಆ ಗುಡ್ಡದ ಮೇಲೆ ನಾನು ಎಂತ ಹೆಕ್ಕೂದು?" ಅವಳು ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಬಳಚು ಹೆಕ್ಕುವವಳು. ಕೆಸರಿನಲ್ಲಿ ಹುದುಗಿರುವ ಆ ಚಿಪ್ಪುಜೀವಿಯನ್ನು ಕಾಲ್ಬೆರಳಿನಿಂದಲೇ ಗುರುತಿಸಿ ಎತ್ತುತ್ತಾಳೆ. ಹೊಳೆಯ ತಳವನ್ನು ಅವಳಷ್ಟು ಬಲ್ಲವರು ಕುರ್ವೆಯಲ್ಲಿ ಇಬ್ಬರೇ. ಎರಡನೆಯವನು ನಾನು ಎಂದು ಹೇಳಿಕೊಳ್ಳುತ್ತಿದ್ದೆ.

ಮಣ್ಣೋದುಗವನ್ನು ತಂದವರು ಧಾರವಾಡ ಕಡೆಯ ಡಾಕ್ಟರ್ ಸುನಂದಾ ಹಂಚಿನಮನಿ. ಮುಚ್ಚಿದ ಶಾಲೆಯ ಒಂದು ಕೋಣೆಗೆ ಕಪ್ಪು ಬಟ್ಟೆ ಹೊಡೆದು, ಒಳಗೆ ಒಂದು ಮಂದ ಕೆಂಪು ದೀಪ ಹಾಕಿ ಪ್ರಯೋಗಾಲಯ ಮಾಡಿಕೊಂಡರು. ಯಂತ್ರ ನೋಡಲು ಭತ್ತದ ಕಣಜದಷ್ಟಿತ್ತು. (ಗಣಪಿಯ ಪ್ರಕಾರ ರೊಟ್ಟಿ ಡಬ್ಬಿಯಷ್ಟು.) ಬಂದ ದಿನವೇ ನಮ್ಮನ್ನೆಲ್ಲ ಕೂರಿಸಿ ಅದರ ಗುಟ್ಟು ಹೇಳಿದರು.

"ನೋಡ್ರಿ, ಉಸುಕಿನ ಕಣ ಅದಾವಲ್ಲ, ಕತ್ತಲದಾಗ ಹೂತು ಕುಂತಷ್ಟ ದಿನಾ ಸುತ್ತಲಿನ ಮಣ್ಣಿಂದ ಚೂರು ಚೂರು ಶಕ್ತಿ ಕೂಡಿಟ್ಟಕೋತಾವ. ಬಿಸಿಲು ಬಡದ್ರ ಎಲ್ಲಾ ಖಾಲಿ. ಮತ್ತ ಹೂತ್ರ ಮತ್ತ ಸೊನ್ನಿಯಿಂದ ಶುರು. ಅದಕ್ಕ ನಾವು ಬಿಸಿಲು ತಾಗಿಸದಂಗ ತಗದು, ಇದರಾಗ ಹಾಕಿ, ನೀಲಿ ಬೆಳಕು ಬಿಡತೀವಿ. ಕೂಡಿಟ್ಟದ್ದು ಮಿಣುಕಿ ಹೊರಗ ಬರತದ. ಮಿಣುಕು ಎಣಿಸಿದ್ರ, ಈ ಕಣ ಸೂರ್ಯನ್ನ ನೋಡಿ ಎಷ್ಟ ವರ್ಷ ಆತು ಅಂತ ಗೊತ್ತಾಗತದ."

"ಅಂದ್ರೆ ಮನೆ ಸೊಸೆ ಹಾಂಗೆ" ಎಂದೆ ನಾನು. "ಒಳಗೇ ಕೂತಷ್ಟೂ ಮನಸ್ಸಲ್ಲಿ ಇಟ್ಕಂತದೆ, ಹೊರಗೆ ಬಂದ್ರೆ ಮರೀತದೆ."

"ಸೊಸೆ ಮರೀತಾಳೆ ಅಂತ ನಿಂಗೆ ಯಾರು ಹೇಳಿದ್ರು?" ಎಂದಳು ಗಣಪಿ. ಡಾಕ್ಟರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅವತ್ತಿನಿಂದ ಇಬ್ಬರೂ ಒಂದೇ ಪಕ್ಷ.

ಯಾವ ಮಣ್ಣನ್ನು ಓದಿಸಬೇಕೆಂದು ತಿಳಿಸಿಕೊಟ್ಟವಳೂ ಗಣಪಿಯೇ. ಗದ್ದೆಯ ಮಣ್ಣು ಬೇಡ, ಅದನ್ನು ಪ್ರತಿವರ್ಷ ಗುಪ್ಪೆ ಹಾಕಿ ತಿರುವುತ್ತೇವೆ. ಕಟ್ಟೆಯೇ ಸರಿ. ಮಳೆಗಾಲ ಮುಗಿದ ಮೇಲೆ ಗಂಡಸರು ಕಟ್ಟೆಯ ನೆತ್ತಿಗೆ ಕೆಸರಿನ ಹೆಂಟೆ ಪೇರಿಸುತ್ತಾರೆ. ಹೆಂಗಸರು ಅದರ ಮೇಲೆ ಕಗ್ಗದ ಹೊಟ್ಟು ಕಲಸಿದ ತೆಳುಗೆಸರನ್ನು ಅಂಗೈಯಿಂದ ಸಾರಿಸಿ ಮೂರು ದಿನ ಬಿಸಿಲಿಗೆ ಬಿಡುತ್ತಾರೆ. ಮುಂದಿನ ವರ್ಷ ಅದರ ಮೇಲೆ ಮತ್ತೆ ಹೆಂಟೆ, ಮತ್ತೆ ಸಾರಣೆ. ಹೀಗೆ ಕಟ್ಟೆಯೊಳಗೆ ವರ್ಷಕ್ಕೊಂದು ಪೊರೆ, ಒಂದೊಂದೂ ಮೂರು ದಿನ ಸೂರ್ಯನನ್ನು ನೋಡಿ ಕತ್ತಲೆಗೆ ಇಳಿದದ್ದು. ಎಲ್ಲಕ್ಕಿಂತ ತಳದ ಪೊರೆ ಸೂರ್ಯನನ್ನು ಕಂಡ ವರ್ಷವೇ ನಮ್ಮವರು ಕುರ್ವೆಗೆ ಕಾಲಿಟ್ಟ ವರ್ಷ.

"ನಿಮ್ಮ ಕೈ ಗುರುತು ಅದಾವ ಅನ್ರಿ ಒಳಗ" ಎಂದರು ಡಾಕ್ಟರಮ್ಮ.

"ನನ್ನದು ಮೇಲ್ಗಡೆ ಮೂವತ್ತೆಂಟು. ಕೆಳಗಿದ್ದವು ಯಾರ್ದೋ" ಎಂದಳು ಗಣಪಿ.

ಹುಣ್ಣಿಮೆಯ ದಿನ ಬೆಳಿಗ್ಗೆ, ಹೊಳೆ ಪೂರ್ತಿ ಇಳಿದಿದ್ದಾಗ, ಜಂತ್ರಡಿಯ ಬಲಗಡೆ ಕಟ್ಟೆಯ ನೆತ್ತಿಯಿಂದ ಮಣ್ಣು ಕೊರೆಯುವ ಸರಳು ಇಳಿಸಿದರು. ಮೇಲಿನ ಮಣ್ಣೆಲ್ಲ ಪಕ್ಕದಲ್ಲಿ ರಾಶಿಯಾಯಿತು. ಕಟ್ಟಕಡೆಗೆ ತಳಕ್ಕೆ ಒಂದು ಮೊಳ ಉದ್ದದ ಕಪ್ಪು ಕೊಳವೆಯನ್ನು ಒತ್ತಿ, ಅದರ ತುಂಬ ಮಣ್ಣು ಹಿಡಿದು, ಎರಡೂ ಬಾಯಿಗೆ ರಬ್ಬರ್ ಟೊಪ್ಪಿ ಹಾಕಿ ಮೇಲೆ ತಂದರು. ಪ್ರಯೋಗಾಲಯದ ಉಳಿದ ಸಾಮಾನು ಹೊತ್ತು ಬರುತ್ತಿದ್ದ ದೋಣಿ ಹೊಳೆಯ ತಿರುವಿನಾಚೆ ಕೆಸರಿನಲ್ಲಿ ಕೂತುಬಿಟ್ಟಿತ್ತು. ಉಬ್ಬರ ಬಂದು ಎತ್ತುವವರೆಗೆ ಅದು ಅಲುಗುವಂತಿರಲಿಲ್ಲ. ಡಾಕ್ಟರಮ್ಮ ಕೊಳವೆಯನ್ನು ನನ್ನ ಕೈಗಿತ್ತರು.

"ಜಟ್ಟಪ್ಪನವರ, ನಾ ದೋಣಿ ಕಡೆ ಹೊಂಟೀನಿ. ಮಧ್ಯಾಹ್ನ ಬರತೀನಿ. ಇದಕ್ಕ ಬಿಸಿಲು ತಾಗಬಾರದು. ನಿಮ್ಮ ಗುಡಿಸಲದಾಗ ಇಟಗೋರಿ. ನಿಮ್ಮ ಊರಿನ ಜಾತಕ ಐತಿ ಇದರಾಗ."

"ಅಮ್ಮಾ, ಒಮ್ಮೆ ಮಹಾರಾಜರೊಬ್ಬರು ಕಿರೀಟ ಇಟ್ಟು ಹೋಗಿದ್ರು ನನ್ನ ಹತ್ರ. ಒಂದು ಮುತ್ತು ಕಡಿಮೆ ಆಗ್ಲಿಲ್ಲ" ಎಂದೆ.

ಆ ಅರ್ಧ ದಿನ ಕೊಳವೆಯನ್ನು ಕಣ್ಣರೆಪ್ಪೆಯ ಹಾಗೆ ಕಾದೆ. ಹೆಚ್ಚಿನದನ್ನು ಸದ್ಯಕ್ಕೆ ಕೇಳಬೇಡಿ.

ಮೂರನೆಯ ದಿನ ಕೆಂಪು ಕೋಣೆಯಲ್ಲಿ ನಾವು ಐದಾರು ಮಂದಿ ಉಸಿರು ಹಿಡಿದು ನಿಂತೆವು. ಯಂತ್ರ ಗುಂಯ್ ಎಂದಿತು. ಪರದೆಯ ಮೇಲೆ ಹಸಿರು ಚುಕ್ಕೆಗಳು ಎದ್ದವು. ಮಿಣುಕು ನಿಲ್ಲಲೇ ಇಲ್ಲ. ಡಾಕ್ಟರಮ್ಮನ ಹುಬ್ಬು ಮೇಲೇರುತ್ತಾ ಹೋಯಿತು. ಕೊನೆಗೆ ಅಂಕಿ ನಿಂತಿತು: ಆರು ಸಾವಿರದ ನಾನೂರು.

"ಏನು?" ಎಂದರು ಅವರು. "ಪೊರಿನೂ ಕಾಣವಲ್ಲದು. ತಡೀರಿ, ತಡೀರಿ..."

ತಡೆಯುವಂತಿರಲಿಲ್ಲ. ನಡುವೆ ಮನುಷ್ಯರು ಕೈಯಾಡಿಸಬಾರದೆಂದು ಯಂತ್ರ ಓದಿದ್ದನ್ನು ತಾನೇ ಮಂಡಳಿಗೆ ಕಳಿಸಿಬಿಡುತ್ತಿತ್ತು. ವಾರದಲ್ಲಿ ಮೊಹರು ಹೊತ್ತ ಕಾಗದ ಬಂತು: ತಾರಿಕುರ್ವೆ, ವಸತಿಯ ವಯಸ್ಸು ಆರು ಸಾವಿರದ ನಾನೂರು ವರ್ಷ. ಅರವತ್ತೆರಡು ಮನೆಯವರೂ ಬೆಲ್ಲ ಹಂಚಿದರು. ನನ್ನನ್ನು ತಾರಿ ದೋಣಿಯಲ್ಲಿ ಕೂರಿಸಿ ಕುರ್ವೆಗೆ ಮೂರು ಸುತ್ತು ಹಾಕಿಸಿದರು. ನಾನೂ ಸುಮ್ಮನೆ ಕೈಬೀಸಿದೆ.

ಆ ದಿನ ಊಟಕ್ಕೆ ಕೂತಾಗ ಗಣಪಿ ಬಳಚಿನ ಸುಕ್ಕ ಬಡಿಸುತ್ತಾ ನನ್ನ ಮುಖವನ್ನೇ ನೋಡಿದಳು.

"ನಿಂಗೆ ಮೈ ಹುಷಾರಿಲ್ವಾ?"

"ಎಂತಕ್ಕೆ?"

"ಬೆಳಗಿಂದ ನೋಡ್ತೆ ಇದ್ದೇನೆ. ಯಾರೇ ಕೇಳ್ಲಿ, ಆರು ಸಾವಿರದ ನಾನೂರು ಅಂತೆ. ಒಂದು ವರ್ಷ ಮೇಲೆ ಹಾಕೂದಿಲ್ಲ. ನೀನು ಹುಟ್ಟಿದಾಗಿಂದ ಇದ್ದದ್ದನ್ನ ಇದ್ದಷ್ಟೇ ಹೇಳಿದ್ದು ನಾ ಕಾಣ್ಲಿಲ್ಲ."

"ಸರ್ಕಾರದ ಅಂಕಿ ಅದು. ಕೂಡ್ಸೂಕೆ ಬತ್ತಿಲ್ಲ."

"ಹೌದೌದು" ಎಂದು ಅವಳು ಇನ್ನೊಂದು ಸೌಟು ಬಡಿಸಿದಳು. ಆ ಸೌಟು ಪ್ರೀತಿಯದೋ ಅನುಮಾನದ್ದೋ ಎಂದು ಇಂದಿಗೂ ತಿಳಿದಿಲ್ಲ.

ಇಪ್ಪತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಡಾಕ್ಟರಮ್ಮ ತಾರಿಯಿಂದ ಇಳಿದು ನೇರ ಜಂತ್ರಡಿಗೆ ಬಂದರು. ಮುಖ ಬಾಡಿತ್ತು. ಮಂಡಳಿಯಲ್ಲಿ ಹೊಳೆ ಬಲ್ಲವರು ಇದ್ದರಂತೆ. ಆರು ಸಾವಿರ ವರ್ಷದ ಹಿಂದೆ ಇಲ್ಲಿ ಕುರ್ವೆಯೇ ಇರಲಿಲ್ಲ, ಈ ಅಳಿವೆಯೆಲ್ಲ ಸಮುದ್ರದ ಅಡಿಯಲ್ಲಿತ್ತು ಎಂದರಂತೆ. ನೀರಿನಡಿ ಯಾರು ಕಟ್ಟೆ ಕಟ್ಟಿದರು? ಹಾಗಾದರೆ ಯಂತ್ರ ಹುಚ್ಚು. ಯಂತ್ರ ಹುಚ್ಚಾದರೆ ಅದು ಓದಿದ ಉಳಿದ ಕುರ್ವೆಗಳ ವಯಸ್ಸೂ ರದ್ದು. ಆಮೇಲೆ ವಯಸ್ಸಿನ ಮಾತೇ ಇಲ್ಲ. ಅಳತೆಕೋಲು ಹಿಡಿದು, ತಗ್ಗಿನಲ್ಲಿದ್ದವರನ್ನು ಮೊದಲು ಗುಡ್ಡಕ್ಕೆ ಕಳಿಸುವುದು.

"ತಗ್ಗಿನವರು ಯಾರು?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದ್ದು.

"ಮೊದಲನೇದ್ದು ನಿಮ್ಮ ತಾರಿಕುರ್ವಿ ರಿ."

ಅವರು ಹಳೆಯ ತೂತಿನಿಂದ ಒಂದು ಮಾರು ದೂರದಲ್ಲಿ ಮತ್ತೆ ಸರಳು ಇಳಿಸಿದರು. ಈ ಸಲ ಕೊಳವೆಯನ್ನು ಯಾರ ಕೈಗೂ ಕೊಡದೆ, ಮಗುವಿನಂತೆ ಸೆರಗಿನಲ್ಲಿ ಸುತ್ತಿ ತಾವೇ ಹೊತ್ತೊಯ್ದರು. ಪೊರೆಗಳು ಸಿಕ್ಕವು, ಉಗುರಿನಷ್ಟು ತೆಳ್ಳಗೆ, ಒಂದರ ಮೇಲೊಂದು. ತಳದ ಪೊರೆಯ ವಯಸ್ಸು ಮುನ್ನೂರ ಆರು.

ಮುನ್ನೂರ ಆರು! ಇನ್ನೂರೈವತ್ತು ಸಾಕಾಗಿತ್ತು. ಆದರೆ ಒಂದೇ ಕಟ್ಟೆ, ಒಂದೇ ಜಾಗ, ಒಮ್ಮೆ ಆರು ಸಾವಿರದ ನಾನೂರು, ಇನ್ನೊಮ್ಮೆ ಮುನ್ನೂರ ಆರು. ಇದನ್ನು ಇತ್ಯರ್ಥ ಮಾಡಲು ಮಂಡಳಿಯಿಂದ ಕೊಟ್ಟಾರಿ ಎಂಬ ಅಧಿಕಾರಿ ಬಂದರು. ಮಂಗಳೂರು ಕಡೆಯವರು, ಸಣ್ಣ ದನಿ, ಇಸ್ತ್ರಿ ಮಡಿಕೆ ಕೆಡದ ಅಂಗಿ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿದರು. ಅಂಗಳದ ತುಂಬ ಊರು ಕೂತಿತು. ನಾನು ಕಂಬದ ಹಿಂದೆ ನಿಂತೆ. ಕಂಬ ಸಣ್ಣದಾಗಿತ್ತು.

"ಅಲ್ಲ ಡಾಕ್ಟ್ರೇ" ಎಂದರು ಕೊಟ್ಟಾರಿ, "ನನ್ನ ತಲೆನೋವಿಗೆ ಡಾಕ್ಟ್ರು ಒಂದು ದಿನ ಜ್ವರ ಅಂತ ಹೇಳಿ, ಮರುದಿನ ಕಾಲು ಮುರಿದಿದೆ ಅಂತ ಹೇಳಿದ್ರೆ ನಾನು ಯಾವ ಮದ್ದು ತಿನ್ನುವುದು? ನಿಮ್ಮ ಮೇಲೆ ನನಗೆ ಗೌರವ ಉಂಟು. ಯಂತ್ರದ ಮೇಲೆ ಇಲ್ಲ ಮಾರಾಯ್ರೆ. ರದ್ದು ಅಂತ ಬರೆಯುವುದು ಬಿಟ್ಟು ನನಗೆ ಬೇರೆ ದಾರಿ ಕಾಣುವುದಿಲ್ಲ."

"ಮೊದಲನೇ ಕೊಳವಿಯೊಳಗ ಇನ್ನೂ ಅರ್ಧ ಮಣ್ಣು ಉಳದದ ಸರ್" ಎಂದರು ಡಾಕ್ಟರಮ್ಮ. "ಯಂತ್ರಕ್ಕ ಚಿಟಿಕಿ ಉಸುಕು ಸಾಕಾಗಿತ್ತು. ಈಗ ಬಿಸಿಲು ತಾಗಿದ್ರೂ ನಡೀತದ. ಎಲ್ಲಾರ ಮುಂದ ಬಿಚ್ಚತೀನಿ."

ಬಾಳೆಯೆಲೆ ಹಾಸಿ ಕೊಳವೆಯನ್ನು ಬಗ್ಗಿಸಿ ತಟ್ಟಿದರು. ಕಪ್ಪು ಮಣ್ಣು ಮುದ್ದೆಯಾಗಿ ಜಾರಿಬಿತ್ತು. ಜೊತೆಗೆ ಟಕ್ಕೆಂದು ಇನ್ನೇನೋ ಬಿತ್ತು. ಎರಡೂ ಚಿಪ್ಪು ಅಂಟಿಕೊಂಡೇ ಇದ್ದ, ಹೆಬ್ಬೆರಳಿನಷ್ಟು ದೊಡ್ಡ ಬಳಚು.

ಅಂಗಳದಲ್ಲಿ ಗುಜುಗುಜು. ಕಟ್ಟೆಯ ಹೊಟ್ಟೆಯಲ್ಲಿ ಬಳಚು!

ಗಣಪಿ ಎದ್ದು ಮೇಜಿನ ಹತ್ತಿರ ಹೋಗಿ ಅದನ್ನು ಎತ್ತಿಕೊಂಡಳು. ಉಗುರಿನಿಂದ ಬೆನ್ನು ಕೆರೆದಳು, ಮೂಸಿದಳು.

"ಇದು ಕಟ್ಟೇದಲ್ಲ, ಸಾಯ್ಬ್ರೆ" ಎಂದಳು. "ಕಟ್ಟೇಲಿ ಬಳಚು ಹುಟ್ಟೂದಿಲ್ಲ. ಹೊಳೆ ನಡುವಿನದೂ ಅಲ್ಲ, ಅದು ಬೂದಿ ಬಣ್ಣ. ಹೀಂಗೆ ಹೊಟ್ಟೆ ಕಪ್ಪಾಗಿ ಕೊಳೆತ ಕೆಸರಿನ ವಾಸನೆ ಬರೂದು ಒಂದೇ ಜಾಗದಲ್ಲಿ. ಜಂತ್ರಡಿ ಹಿಂದೆ ಹೊಳೆ ಕೊರೆದ ಕರಿಗುಂಡಿ. ಅಲ್ಲಿಗೆ ನಾನು ಬಿಟ್ರೆ ಹೋಗುವವ್ರು ಒಬ್ರೇ."

ಅವಳು ಕಂಬದ ಕಡೆ ನೋಡಲಿಲ್ಲ. ಉಳಿದ ಇನ್ನೂರು ಕಣ್ಣುಗಳು ನೋಡಿದವು.

ನಾನು ಹೊರಗೆ ಬಂದೆ. ಬರಲೇಬೇಕಿತ್ತು. ಯಂತ್ರ ಹುಚ್ಚಲ್ಲವೆಂದು ಗೊತ್ತಿದ್ದವನು ಆ ಅಂಗಳದಲ್ಲಿ ನಾನೊಬ್ಬನೇ. ಬಾಯಿ ಮುಚ್ಚಿಕೊಂಡರೆ ಕೊಟ್ಟಾರಿಯವರ ಪೆನ್ನು ಹದಿನಾಲ್ಕು ಕುರ್ವೆಗಳ ಮೇಲೆ ಒಂದೇ ಗೀಟು ಎಳೆಯುತ್ತಿತ್ತು. ಬಾಯಿ ಬಿಟ್ಟರೆ ಜಂತ್ರಡಿಯ ಹಲಗೆ ಮತ್ತೆ ನನ್ನ ಕೈಗೆ ಸಿಗುವುದು ಅನುಮಾನ.

"ಕೊಳವೆಯ ಮಣ್ಣು ಬದಲಿಸಿದವ ನಾನು" ಎಂದೆ. "ಆದರೆ ಯಾಕೆ ಅಂತ ಕೇಳಿ. ಹುಣ್ಣಿಮೆಯ ಉಬ್ಬರ ಏರಿ ಬರ್ತಾ ಇತ್ತು. ಕಟ್ಟೆಯಲ್ಲಿ ತೋಳಿನ ಗಾತ್ರದ ತೂತು. ತೂತು ಇದ್ದ ಕಟ್ಟೆಯನ್ನ ಬಿಟ್ಟು ಬಂದ ಗಂಡಸು ನಮ್ಮಲ್ಲಿ ಹುಟ್ಟಲಿಲ್ಲ. ಅದರ ಮೇಲೆ, ಕಟ್ಟೆಯ ಮಣ್ಣು ಹೊಳೆ ದಾಟಬಾರದು ಅಂತ ನಮ್ಮ ಹಿರಿಯರ ಕಟ್ಟು. ಕಟ್ಟೆಯಿಂದ ಇಳಿದರೆ ಕಾಲು ತೊಳೆಯೂದೂ ಅದಕ್ಕೇ, ಅದರ ಮಣ್ಣು ಅದಕ್ಕೇ ಉಳೀಲಿ ಅಂತ. ಕೊಳವೆಯ ಮಣ್ಣನ್ನ ತೂತಿಗೇ ವಾಪಸ್ ತುಂಬಿ ಜಡಿದೆ. ಡಾಕ್ಟರಮ್ಮಗೆ ಬರೀ ಕೊಳವೆ ಕೊಡೂದು ಹ್ಯಾಂಗೆ? ಅದಕ್ಕೇ ಕರಿಗುಂಡಿಗೆ ಹಾರಿದೆ. ಏಳು ಮಾರು ಆಳ! ಮೊಸಳೆಯೊಂದು ಕಾಲು ಹಿಡೀತು, ಅದನ್ನ ಒದ್ದು, ಕೊಳವೆಯನ್ನ ತಳದ ಗೋಡೆಗೆ ಒತ್ತಿ ತುಂಬಿ ತಂದೆ."

ಅಂಗಳದಲ್ಲಿ ಒಂದಿಬ್ಬರು ತಲೆದೂಗಿದರು. ನನಗೆ ಧೈರ್ಯ ಬಂತು. ಡಾಕ್ಟರಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಅಳುವ ನಗುವ ನಡುವಿನ ದನಿಯಲ್ಲಿ, "ನೀರಾಗ, ಕೊಳವಿಲೇ ಒತ್ತಿ? ಒಂದ ಕಿರಣ ತಾಗಿಲ್ಲ ಹಂಗಾರ! ನನ್ನ ವಿದ್ಯಾರ್ಥಿಗಳಿಗೂ ಇಷ್ಟ ಚಂದ ತಗೀಲಿಕ್ಕೆ ಬರೂದಿಲ್ಲಲ್ರಿ. ಅದು ಹಳೇ ಸಮುದ್ರದ ತಳ. ಆರು ಸಾವಿರದ ನಾನೂರು ಖರೇನ ಅದ!" ಎಂದರು.

ಕೊಟ್ಟಾರಿ ಮಾತ್ರ ಪೆನ್ನು ಕೆಳಗಿಡಲಿಲ್ಲ.

"ಒಂದು ಅರ್ಥ ಆಗಲಿಲ್ಲ ನೋಡಿ. ತೂತು ಮುಚ್ಚಬೇಕು, ಸರಿ. ಕೊಳವೆಯಲ್ಲಿದ್ದದ್ದು ಒಂದು ಮೊಳ ಮಣ್ಣು. ಆ ಕರಿಗುಂಡಿಯ ಮಣ್ಣನ್ನೇ ತಂದು ತೂತಿಗೆ ಹಾಕಬಹುದಿತ್ತಲ್ಲ? ಕೊಳವೆಯನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಹೊಳೆ ದಾಟಬಾರದು ಅಂತೀರಿ. ಶಾಲೆ ಇರುವುದು ಇದೇ ಕುರ್ವೆಯಲ್ಲಿ. ದಾಟುವುದು ಎಲ್ಲಿ ಬಂತು?"

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಅದರೊಳಗೆ ಏನೂ ಇರಲಿಲ್ಲ.

"ಹೇಳು" ಎಂದಳು ಗಣಪಿ. ಜೋರು ಮಾಡಲಿಲ್ಲ. ಗಂಜಿಗೆ ಕರೆಯುವ ದನಿಯಲ್ಲೇ ಹೇಳಿದಳು.

"ಹೆದರಿಕೆ ಆಗಿತ್ತು" ಎಂದೆ.

"ಎಂತದ್ದು?"

"ಕಟ್ಟೆ ನನ್ನ ಎದೆಮಟ್ಟ ಅದೆ, ಅಷ್ಟೇ. ದಿನಾ ನೋಡುವವ ನಾನು. ವರ್ಷಕ್ಕೆ ನಾಲ್ಕು ಬೆರಳು ಹೆಂಟೆ ಹಾಕ್ತೇವೆ. ಹಾಂಗೆ ಲೆಕ್ಕ ಹಾಕಿದ್ರೆ ಎಷ್ಟಾಯ್ತು? ಹತ್ತೋ ಹದಿನೈದೋ ವರ್ಷ. ಬಿಟ್ಟು ಬಿಟ್ಟು ಹಾಕಿದ್ದು ಅಂದ್ರೂ ಅರವತ್ತು, ಎಪ್ಪತ್ತು. ಕೊಳವೆ ಕೈಯಲ್ಲಿ ಹಿಡಿದಾಗ ಹಗುರ ಕಂಡಿತು ನಂಗೆ. ಇದು ಓದಿದ್ರೆ ನಮ್ಮನ್ನ ಗುಡ್ಡಕ್ಕೆ ಕಳಿಸ್ತದೆ ಅನ್ನಿಸ್ತು. ಕರಿಗುಂಡಿ ಮಣ್ಣು ಹಳೇದು ಅಂತ ಗೊತ್ತಿತ್ತು. ಇಷ್ಟು ಹಳೇದು ಅಂತ ಗೊತ್ತಿರ್ಲಿಲ್ಲ. ನಾನೂರು, ಐನೂರು ಬತ್ತದೆ ಅಂದ್ಕಂಡೆ."

ಡಾಕ್ಟರಮ್ಮ ಮೇಜು ಬಿಟ್ಟು ಎದ್ದು ಬಂದರು. "ಜಟ್ಟಪ್ಪನವರ, ಈ ನೆಲಾನ ಕುಸಕೋತ ಹೊಂಟದರಿ. ಮಳಿಗಾಲ ಅರ್ಧ ಕರಗಸತದ, ಉಳದದ್ದು ಭಾರಕ್ಕ ಕೆಳಗ ಇಳೀತದ. ನಿಮಗ ಕಾಣೂದು ಎದಿಮಟ್ಟ. ಸರಳು ನಾಲ್ಕ ಆಳುದ್ದ ಕೆಳಗ ಹೋಗಿತ್ತು, ನೀವು ಬಾಜೂಕ ನಿಂತಿದ್ರಲ್ಲ."

ನಿಂತಿದ್ದೆ. ಆಗ ಯಾರಿಗೋ ತಿಮಿಂಗಿಲದ ಕಥೆ ಹೇಳುತ್ತಿದ್ದೆ.

ಎಲ್ಲವನ್ನೂ ಹತ್ತು ಪಟ್ಟು ಮಾಡುವ ನಾನು ಕಟ್ಟೆಯೊಂದನ್ನು ಮಾತ್ರ ಕಡಿಮೆ ಎಣಿಸಿದ್ದೆ. ಗಣಪಿಯ ಮೂವತ್ತೆಂಟು ಸಾರಣೆಯ ಕೆಳಗೆ ಅವಳ ಅತ್ತೆಯರ, ಅವರ ಅತ್ತೆಯರ ಅಂಗೈಗಳಿವೆ ಎಂದು ನನಗೆ ಬಾಯಿಪಾಠವಿತ್ತು. ನಂಬಿಕೆ ಇರಲಿಲ್ಲ.

ಕೊಟ್ಟಾರಿ ಬಹಳ ಹೊತ್ತು ಬರೆದರು. ಮೊದಲನೆಯ ಓದು ಹೊಳೆಯ ತಳದ ಮಣ್ಣಿನದು, ಎರಡನೆಯದು ಕಟ್ಟೆಯದು, ಯಂತ್ರದಲ್ಲಿ ದೋಷವಿಲ್ಲ. ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಅಂಗಳದಲ್ಲಿ ಯಾರೂ ಕೂಗಲಿಲ್ಲ. ಒಟ್ಟಿಗೇ ಉಸಿರು ಬಿಟ್ಟರು, ಗಜನಿಯಿಂದ ನೀರು ಇಳಿದ ಹಾಗೆ. ಆಮೇಲೆ ಅವರು ನನ್ನನ್ನು ಕರೆದರು.

"ಇಲ್ಲಿ ಸಹಿ ಮಾಡಿ. ಜಂತ್ರಡಿಯ ಕೆಲಸದಲ್ಲಿ ನಿಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ಊರವರು ಹೇಳಲಿ, ಅದು ನನ್ನದಲ್ಲ. ಒಂದು ಸಾಲು ಬಾಕಿ ಉಂಟು. ಆ ಕರಿಮಣ್ಣು ಎಷ್ಟು ಆಳದಲ್ಲಿ ಸಿಕ್ಕಿತು?"

"ಹೇಳಿದೆನಲ್ಲ. ಏಳು ಮಾರು."

"ಸರಿಯಾಗಿ ಹೇಳ್ರಿ ಜಟ್ಟಪ್ಪನವರ" ಎಂದರು ಡಾಕ್ಟರಮ್ಮ. "ಹೊಸಾ ಕಟ್ಟಿಯ ಬುಡ ಆ ಕರಿಮಣ್ಣಿನ ಮ್ಯಾಲೆ ಕೂಡಸಬೇಕು. ಅದೊಂದ ಗಟ್ಟಿ ನೆಲ ಇಲ್ಲೆ. ನೀವು ಹೇಳಿದಷ್ಟ ಆಳಕ್ಕ ಅವರು ಕಂಬ ತರಸತಾರ."

ಅಂಗಳ ನೋಡಿದೆ. ಕಂಬದ ನೆರಳಿನಲ್ಲಿ ಮಂಕಾಳತ್ತೆಯೂ ಗುಡ್ಡದಿಂದ ಇಳಿದು ಬಂದು ಕೂತಿದ್ದಳು, ಕಾಲಿಗೆ ಹಸಿ ಕೆಸರು ಮೆತ್ತಿಕೊಂಡು. ಗಣಪಿ ಬಳಚನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಆರು ಮಾರು" ಎಂದೆ.

ಕೊಟ್ಟಾರಿ ಬರೆಯಲಿಲ್ಲ.

"ಮೂರು."

ಗಣಪಿ ಅಂಗೈಯ ಬಳಚನ್ನು ಮಗುಚಿ ಹಾಕಿದಳು.

"ಸೊಂಟದ ಮಟ್ಟ" ಎಂದೆ. "ಮೊಸಳೆ ಇರ್ಲಿಲ್ಲ. ಮುಳುಗಲೂ ಇಲ್ಲ ನಾನು. ನಂಗೆ ಈಜೂಕೆ ಬತ್ತಿಲ್ಲ. ಹೊಳೆ ಇಳಿದಿತ್ತು, ಲುಂಗಿ ಎತ್ತಿ ಕಟ್ಟಿ, ಬಗ್ಗಿ ಒತ್ತಿದೆ, ಅಷ್ಟೇ."